ಬ್ರೇಕಿನೊಳಗಿನ ರಬ್ಬರ್ ಬಳೆ

ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಒಂದೆಡೆ ಹೇರಿದ ಒತ್ತಡವು ಎಲ್ಲ ದಿಕ್ಕುಗಳಿಗೂ ಸಮನಾಗಿ ಹರಡುತ್ತದೆ. ಪ್ಯಾಸ್ಕಲನ ಈ ನಿಯಮವನ್ನು ಎಷ್ಟೋ ವರ್ಷ ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ಹೇಳಿಕೊಟ್ಟವನು ನಾನು. ‘ಮುಚ್ಚಿದ’ ಎಂಬ ಒಂದು ಪದದ ಮೇಲೆಯೇ ಇಡೀ ನಿಯಮ ನಿಂತಿದೆ. ಮೋಟಾರ್ ಸೈಕಲ್ಲಿನ ಡಿಸ್ಕ್ ಬ್ರೇಕಿನಲ್ಲಿ ಆ ಪದದ ಹೊಣೆಯನ್ನು ಹೊತ್ತಿರುವುದು ಕೆಲವು ಪುಟ್ಟ ರಬ್ಬರ್ ಬಳೆಗಳು.

ನಮ್ಮ ಕಾಲದ ಜಾವಾ, ಯೆಜ್ಡಿಗಳಲ್ಲಿ ಡ್ರಮ್ ಬ್ರೇಕುಗಳಿದ್ದವು. ಅಲ್ಲಿ ದ್ರವದ ಗೊಡವೆಯೇ ಇರಲಿಲ್ಲ. ಡಿಸ್ಕ್ ಬ್ರೇಕಿನ ಲೋಕವೇ ಬೇರೆ. ಹಿಡಿಯ ಬಳಿಯಿರುವ ಮಾಸ್ಟರ್ ಸಿಲಿಂಡರಿನ ವ್ಯಾಸ 12 ಮಿ.ಮೀ., ಚಕ್ರದ ಬಳಿಯ ಕ್ಯಾಲಿಪರಿನಲ್ಲಿರುವ ಪಿಸ್ಟನ್ನಿನ ವ್ಯಾಸ 30 ಮಿ.ಮೀ. ಎಂದಿಟ್ಟುಕೊಳ್ಳಿ. ಅಲ್ಲಿ ಒತ್ತಿದ ಬಲ ಇಲ್ಲಿಗೆ ಬರುವಷ್ಟರಲ್ಲಿ 6.25 ಪಟ್ಟಾಗಿರುತ್ತದೆ. ಎರಡು ಬೆರಳಿನಿಂದ ಓಡುವ ಗಾಡಿಯನ್ನು ನಿಲ್ಲಿಸುವ ಗುಟ್ಟು ಇದೇ.

ಕಳೆದ ತಿಂಗಳು ಮಗನ ಗಾಡಿಯ ಮುಂದಿನ ಕ್ಯಾಲಿಪರಿನಲ್ಲಿ ಹನಿಹನಿಯಾಗಿ ಎಣ್ಣೆ ಜಿನುಗತೊಡಗಿತು. ಅದೇ ಗಾಡಿಯಲ್ಲಿ ಮೊಮ್ಮಗಳು ಶಾಲೆಗೆ ಹೋಗಿಬರುತ್ತಾಳೆ. ನಮ್ಮ ಬಡಾವಣೆಯ ಮೆಕ್ಯಾನಿಕ್ಕು, “ಸೀಲ್ ಕಿಟ್ ತಂದುಕೊಡಿ ಮೇಷ್ಟ್ರೇ, ಹಾಕಿಕೊಡುತ್ತೇನೆ. ಮಾಸ್ಟರ್ ಸಿಲಿಂಡರಿನದಲ್ಲ, ಕ್ಯಾಲಿಪರಿನದು” ಎಂದು ಹೇಳಿ ಹಳೆಯ ಸೀಲುಗಳನ್ನು ಕಾಗದದಲ್ಲಿ ಸುತ್ತಿಕೊಟ್ಟರು.

ಬೆಂಗಳೂರಿನಲ್ಲಿ ವಾಹನದ ಬಿಡಿಭಾಗವೆಂದರೆ ಜೆ.ಸಿ. ರಸ್ತೆಯೇ ತಾನೆ? ಮೊದಲು ಹೊಕ್ಕ ಅಂಗಡಿಯ ಹುಡುಗ ಹಳೆಯ ಸೀಲನ್ನು ಬೆರಳಿಗೆ ಸಿಕ್ಕಿಸಿ ನೋಡಿ, ಡಬ್ಬಿಯಿಂದ ಬಿಡಿಯಾಗಿ ಒಂದನ್ನು ತೆಗೆದು, “ಇದೇ ಸೈಜು ಸಾರ್, ಎಲ್ಲಾ ಗಾಡಿಗೂ ಆಗುತ್ತೆ” ಎಂದ. ಕಣ್ಣಿಗೆ ಎರಡೂ ಒಂದೇ. ಆದರೆ ಅವನ ಕೈಯಲ್ಲಿದ್ದುದು ದುಂಡನೆಯ ಓ-ರಿಂಗು. ನಾನು ಒಯ್ದದ್ದರ ಅಂಚು ಚೌಕವಾಗಿತ್ತು. ಬೇಡವೆಂದು ಹೊರಬಂದೆ.

ಆ ಚೌಕದ ಅಂಚಿಗೆ ಕಾರಣವಿದೆ. ಹಿಡಿ ಒತ್ತಿದಾಗ ಪಿಸ್ಟನ್ನು ಕೂದಲೆಳೆಯಷ್ಟು ಮುಂದೆ ಸರಿಯುತ್ತದೆ. ಅದನ್ನು ಬಿಗಿಯಾಗಿ ತಬ್ಬಿಕೊಂಡ ಸೀಲು ತನ್ನ ಗಾಡಿಯಲ್ಲಿ ಕುಳಿತಂತೆಯೇ ಅದರೊಡನೆ ಬಾಗುತ್ತದೆ. ಹಿಡಿ ಬಿಟ್ಟೊಡನೆ ಬಾಗಿದ ರಬ್ಬರು ನೆಟ್ಟಗಾಗುತ್ತ ಪಿಸ್ಟನ್ನನ್ನು ಹಿಂದಕ್ಕೆ ಸೆಳೆದುಕೊಳ್ಳುತ್ತದೆ. ಅದಕ್ಕಾಗಿ ಬೇರೊಂದು ಸ್ಪ್ರಿಂಗು ಅಲ್ಲಿಲ್ಲ. ಎಣ್ಣೆಯನ್ನು ತಡೆಯುವುದೂ ಪಿಸ್ಟನ್ನನ್ನು ಮರಳಿ ಕರೆಯುವುದೂ ಒಂದೇ ಬಳೆಯ ಕೆಲಸ. ಸೀಲು ತೆಳುವಾದರೆ ಸೋರುತ್ತದೆ. ದಪ್ಪವಾದರೆ ಪಿಸ್ಟನ್ನು ಸಲೀಸಾಗಿ ಮರಳದೆ ಪ್ಯಾಡು ಡಿಸ್ಕನ್ನು ಉಜ್ಜುತ್ತಲೇ ಇರುತ್ತದೆ. ಕಾವೇರಿ ಎಣ್ಣೆ ಕುದಿದರೆ ಆವಿ ಸೇರಿಕೊಂಡು, ಹಿಡಿ ಒತ್ತಿದರೂ ಬ್ರೇಕು ಹಿಡಿಯದು. ಇದರ ಹೊರಗಡೆ ಇರುವ ಇನ್ನೊಂದು ಬಳೆ ಧೂಳನ್ನು ತಡೆಯಲಿಕ್ಕೆ. ಎರಡನ್ನೂ ಒಟ್ಟಿಗೇ ಬದಲಿಸಬೇಕು.

ಎರಡನೆಯ ಅಂಗಡಿಯ ಹಿರಿಯರು ಹಳೆಯ ಸೀಲನ್ನು ಮುಟ್ಟಲೂ ಇಲ್ಲ. “ಎಣ್ಣೆ ಕುಡಿದು ಉಬ್ಬಿದ ಸೀಲಿನ ಅಳತೆ ನಂಬಬಾರದು ಸಾರ್. ಯಾವ ಮಾಡೆಲ್ಲು, ಯಾವ ವರ್ಷದ್ದು?” ಎಂದು ಕೇಳಿ, ಚಾಸಿ ನಂಬರು ಬರೆದುಕೊಂಡು, ಕೆಟಲಾಗಿನಲ್ಲಿ ಬಿಡಿಭಾಗದ ಸಂಖ್ಯೆ ಹುಡುಕಿ, ಅದೇ ಸಂಖ್ಯೆಯಿದ್ದ ಮೊಹರಿನ ಪೊಟ್ಟಣವನ್ನು ಮುಂದಿಟ್ಟರು. ಒಂದೇ ಹೆಸರಿನ ಗಾಡಿಯಲ್ಲೂ ವರ್ಷ ಬದಲಾದರೆ ಕ್ಯಾಲಿಪರು ಬದಲಾಗಿರಬಹುದಂತೆ.

ಅವರು ಹೇಳಿದ ಇನ್ನೊಂದು ಮಾತು ರಸಾಯನಶಾಸ್ತ್ರದ ಪಾಠ. ಡಾಟ್ 3, ಡಾಟ್ 4 ಬ್ರೇಕ್ ಎಣ್ಣೆಗಳು ಹೆಸರಿಗೆ ಎಣ್ಣೆಯಾದರೂ ಗ್ಲೈಕಾಲ್ ಜಾತಿಯ ದ್ರವಗಳು. ಅವುಗಳಿಗೆ ಒಗ್ಗುವ ಇಪಿಡಿಎಂ ರಬ್ಬರು ಪೆಟ್ರೋಲು, ಸೀಮೆಎಣ್ಣೆ, ಗ್ರೀಸು ತಾಗಿದರೆ ಉಬ್ಬಿ ಕೆಡುತ್ತದೆ. ಹಾಗಾಗಿ ಸೀಲನ್ನು ಕೂರಿಸುವಾಗ ಹೊಸ ಬ್ರೇಕ್ ಎಣ್ಣೆಯನ್ನೇ ಸವರಬೇಕು. ಈ ದ್ರವಕ್ಕೆ ಗಾಳಿಯ ತೇವವನ್ನು ಹೀರುವ ಗುಣವೂ ಉಂಟು. ಮಾನಕದಂತೆ ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ಸಿನವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ ಎನ್ನುವುದು ಸುಮ್ಮನೆ ಅಲ್ಲ.

ಬಟ್ಟೆ ಕೊಳ್ಳುವಾಗ ನೂಲೆಳೆದು ನೋಡುವ ನಾವು, ಜೀವ ಕಾಯುವ ವಸ್ತುವನ್ನು ‘ಸುಮಾರು ಅದೇ ಸೈಜು’ ಎಂದು ಕೊಂಡುಬಿಡುತ್ತೇವೆ. ಮನೆಯಲ್ಲಿ ಡಿಸ್ಕ್ ಬ್ರೇಕಿನ ಗಾಡಿಯಿದ್ದವರು ಅದರ ಮಾದರಿ, ವರ್ಷ, ಚಾಸಿ ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಅಂಗಡಿಯಲ್ಲಿ ಸಂಖ್ಯೆ ಕೇಳುವವರಿಂದಲೇ ಕೊಳ್ಳಿ. ಹಾಕಿಸಿದ ಮೇಲೆ ಗಾಳಿ ತೆಗೆಸಿ, ಹಿಡಿ ಗಟ್ಟಿಯಾಗಿದೆಯೇ ಎಂದು ಮನೆಯ ಮುಂದೆಯೇ ನೋಡಿ, ಆಮೇಲೆ ರಸ್ತೆಗಿಳಿಯಿರಿ.