ಮುಧೋಳದ ಮರಿ

ಮುಧೋಳ ನಾಯಿಯ ಚಿತ್ರವಿರುವ ಅಂಚೆಚೀಟಿ 2005ರಲ್ಲಿ ಬಂತೆಂದು ತರಗತಿಯಲ್ಲಿ ಹೇಳುವುದು ಸುಲಭ. ಸಾಕುವುದು ಬೇರೆಯೇ ಮಾತು. ಮಾವನವರು ತೀರಿಕೊಂಡ ಮೇಲೆ ಅತ್ತೆಯವರು ಪಡಸಾಲೆಯ ಮೂಲೆ ಬಿಟ್ಟು ಏಳುತ್ತಿರಲಿಲ್ಲ. ಅವರಿಗೊಂದು ಜೊತೆಯಾಗಲೆಂದು ತಿಮ್ಮಾಪುರದ ಸಂಶೋಧನಾ ಕೇಂದ್ರದಿಂದ ಎರಡು ತಿಂಗಳ ಮರಿ ತಂದೆವು.

ಚುಚ್ಚುಮದ್ದು ಮುಗಿಯುವವರೆಗೆ ಬೀದಿಗೆ ಬಿಡುವಂತಿಲ್ಲ. ಪಾರ್ವೋ ರೋಗ ಎಳೆಯ ಮರಿಗಳನ್ನು ನಾಲ್ಕೇ ದಿನದಲ್ಲಿ ಒಯ್ಯುತ್ತದೆ. ಬಂದವರದೆಲ್ಲ ಒಂದೇ ಮಾತು: “ಅಕ್ಕೋರ, ನಾಯಿಗೆ ಕೂಳು ಹಾಕೂದಿಲ್ಲೇನು?” ಈ ತಳಿಯ ಮೈಕಟ್ಟೇ ಹಾಗೆ, ಪಕ್ಕೆಲುಬು ತುಸು ಕಾಣಬೇಕು. ಅದನ್ನು ಕೇಳುವವರಾರು? ಅತ್ತೆಯವರು ಕದ್ದು ತುಪ್ಪದ ರೊಟ್ಟಿ ಹಾಕುತ್ತಿದ್ದರು. ನೆರೆಮನೆಯವರು ಕ್ಯಾಲ್ಸಿಯಂ ಟಾನಿಕ್ಕನ್ನೇ ತಂದುಕೊಟ್ಟರು. ದೊಡ್ಡ ತಳಿಯ ಮರಿಗೆ ಅದು ಹೆಚ್ಚಾದರೆ ಎಲುಬು ಸರಿಯಾಗಿ ಬೆಳೆಯುವುದಿಲ್ಲವೆಂದು ಪಶುವೈದ್ಯರು ಹೇಳಿದ್ದರು. ಬಾಟಲಿ ಕಪಾಟು ಸೇರಿತು.

ಕಟ್ಟಿಹಾಕಿದರೆ ಇದು ಸೊರಗುವ ಜೀವ, ಮನದಣಿಯೆ ಓಡಬೇಕು. ಚುಚ್ಚುಮದ್ದೆಲ್ಲ ಮುಗಿದ ಮೇಲೆ ದಿನಾ ಬೆಳಗಿನ ಐದೂವರೆಗೆ ಶಾಲೆಯ ಮೈದಾನಕ್ಕೆ ನಾನೇ ಒಯ್ಯುತ್ತಿದ್ದೆ. ಒಂದು ವಾರ ಕಳೆದಿರಬೇಕು. ಅಂದು ಎದ್ದು ನೋಡಿದರೆ ಅತ್ತೆಯವರು ಸೆರಗು ಬಿಗಿದು, ಹಗ್ಗ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ.

“ನೀ ಅಡಗಿ ನೋಡ್ಕೋ. ನಾ ಕರ್ಕೊಂಡು ಹೋಗ್ತೀನಿ.”