ಹನ್ನೆರಡನೇ ಬೆಡ್ಡು

ನಮ್ಮ ಸೊಸಿ ದವಾಖಾನ್ಯಾಗ ನರ್ಸ್ ಇದ್ದಾಳ, ನಿಮಗೆಲ್ಲಾ ಗೊತ್ತದ. ಬಿ.ಪಿ. ನೋಡಿಸ್ಕೊಳ್ಳಿಕ್ಕೆ ನಮ್ಮನಿ ಬಾಗಲಾ ಬಡದವ್ರ ಎಲ್ಲಾರೂ. 'ಮಧ್ಯಾಹ್ನದ ತನಕಾ ಮಲಗ್ತಾಳ' ಅಂತ ಓಣ್ಯಾಗ ಮಾತಾಡಿದವ್ರೂ ನೀವ. ಸಿಟ್ಟಾಗಬ್ಯಾಡ್ರಿ, ನಾನೂ ಅಂದೀನಿ.

ಹೋದ ಶ್ರಾವಣದಾಗ ಒಂದಿನ ನೈಟ್ ಡ್ಯೂಟಿ ಮುಗಿಸಿ ಬಂದು ಚಹಾಕ್ಕ ಹಾಲಿಟ್ಟಿದ್ಳು. ಹಾಲು ಉಕ್ಕಿ ಒಲಿ ತುಂಬ ಹರದ್ರೂ ಸುಮ್ನ ನೋಡಕೋತ ನಿಂತಾಳ. "ಯಾಕವಾ, ಏನಾತು?" ಅಂದೆ.

"ಹನ್ನೆರಡನೇ ಬೆಡ್ಡು ಹೋತ್ರಿ ಅತ್ತಿ."

ಆ ಬೆಡ್ಡಿನ ಅಜ್ಜಿ ಸುದ್ದಿ ವಾರದಿಂದ ಹೇಳತಿದ್ಳು. ಅಕಿ ಊರು, ಮೊಮ್ಮಗಳ ಲಗ್ನ ಎಲ್ಲಾ ನಮಗ ಬಾಯಿಪಾಠ ಆಗಿತ್ತು. ಈಗ ಬರೇ ನಂಬರು. ಕಣ್ಣಾಗ ಒಂದ್ಹನಿ ನೀರಿಲ್ಲ. ಆಮ್ಯಾಲೆ ಸಣ್ಣ ದನಿಲೆ ಅಂದ್ಳು, "ಅಳು ಬರವಲ್ದು. ಅದಕ್ಕ ಅಂಜಿಕಿ ಆಗ್ಲಿಕತ್ತದ."

ಇದಕ್ಕ ಬರ್ನೌಟ್ ಅಂತಾರಂತ. ವಿಶ್ವ ಆರೋಗ್ಯ ಸಂಸ್ಥೆದವ್ರು ೨೦೧೯ರಾಗ ಇದನ್ನ ರೋಗ ಅನ್ನದ, ಕೆಲಸದಿಂದ ಬರೂದು ಅಂತ ಬರದಾರ. ಮೈಯಾಗಿನ ಕಸುವು ಹೋಗೂದು, ಕೆಲಸದಿಂದ ಮನಸ್ಸು ದೂರ ಸರಿಯೂದು, ನನ್ನ ಕೈಲೆ ಏನೂ ಆಗೂದಿಲ್ಲ ಅನಸೂದು, ಇವು ಮೂರು ಗುರುತು. ಮನಸ್ಸು ಗಟ್ಟಿ ಮಾಡ್ಕೊ ಅಂದ್ರ ಹೋಗೂದಲ್ಲ ಇದು.

ಹೋಗೂದರ ಹ್ಯಾಂಗ? ರಾತ್ರಿ ಮೂವತ್ತು ಮಂದಿ ಪೇಶಂಟಿಗೆ ಇಬ್ರ ನರ್ಸು. ಅದರಾಗ ಒಬ್ಬಾಕಿ ರಜಾ ಹಾಕಿದ್ರ ಇನ್ನೊಬ್ಬಾಕಿಗೆ ಡಬಲ್ ಡ್ಯೂಟಿ. ಸಲೈನ್ ಬದಲಿಸಬೇಕು, ಬರಿಯೂದು ಬರೀಬೇಕು, ಡಾಕ್ಟರ್ ತಡಾ ಮಾಡಿದ್ರ ಪೇಶಂಟಿನ ಮಂದಿ ಕಡೆ ಬೈಸ್ಕೊಳ್ಳಾಕಿನೂ ಇಕಿನ. ಮೇ ೧೨ಕ್ಕ ನರ್ಸ್ ದಿನಾಚರಣಿ ಅಂತ ಗುಲಾಬಿ ಕೊಟ್ಟು ಯೋಗದ ಭಾಷಣ ಇಟ್ಟಿದ್ರು. ನೈಟ್ ಮಾಡಿದವ್ರೂ ಕೂತ ಕೇಳಬೇಕು! ಯೋಗಕ್ಕ ನಾ ಏನೂ ಅನ್ನೂದಿಲ್ಲ, ಆದ್ರ ಇನ್ನೊಬ್ಬ ನರ್ಸನ್ನ ಕೊಟ್ಟಿದ್ರ ಛಲೋ ಇತ್ತು.

ಮನಿಗೆ ಬಂದ್ರ ನಾ ಇದ್ನೆಲ್ಲಾ. ರೊಟ್ಟಿ ಬಡಿಯೂದು, ಹುಡುಗನ ಡಬ್ಬಿ, ಬಂದ ಬೀಗರು. ನಿದ್ದಿ ಹತ್ತೂದರಾಗ ಕುಕ್ಕರ್ ಶೀಟಿ.

ಮುಂದ ಅಕಿನೂ ಜೋಡಿನವ್ರೂ ಕೂಡಿ ಹೋಗಿ ಮೇಲಿನವ್ರನ್ನ ಕೇಳಿದ್ರು. ಜಗಳಾನೂ ಆತು. ಈಗ ಡ್ಯೂಟಿ ಪಟ್ಟಿ ತಿಂಗಳ ಮೊದಲ ಸಿಗತದ, ನೈಟ್ ಮುಗದ ಮ್ಯಾಲೆ ಎರಡು ದಿನ ಸೂಟಿ. ವಾರ್ಡಿನಾಗ ಯಾರರ ತೀರಿಕೊಂಡ್ರ ಹತ್ತು ನಿಮಿಷ ಕೂತು ಚಹಾ ಕುಡದು ಮಾತಾಡ್ತಾರ. ಮಂದಿ ಮಾತ್ರ ಇನ್ನೂ ಹೆಚ್ಚಿಗಿ ಕೊಟ್ಟಿಲ್ಲ.

ನಮ್ಮನ್ಯಾಗ ಅಕಿ ಕಿಡಕಿಗೆ ದಪ್ಪನ್ನ ಚಾದರ ಕಟ್ಟೀನಿ, ಬೆಲ್ಲಿನ ವಾಯರ್ ಕಿತ್ತೀನಿ. ಡಬ್ಬಿ ನನ್ನ ಮಗಾ ಕಟ್ತಾನ, ಉಪ್ಪು ಜಾಸ್ತಿ ಆಗತದ, ಇರ್ಲಿ. ಹೋದ ವಾರ ಅಕಿ ಅಡಗಿಮನ್ಯಾಗ ಕೂತು ಒಬ್ಬ ಹುಡುಗನ ಸಲುವಾಗಿ ಭಾಳ ಅತ್ಳು. ನಾ ಸಮಾಧಾನ ಮಾಡ್ಲಿಕ್ಕೆ ಹೋಗ್ಲಿಲ್ಲ, ಹಾಲಿನ ಮ್ಯಾಲೆ ಕಣ್ಣಿಟ್ಟು ನಿಂತಿದ್ದೆ.

ಬಿ.ಪಿ. ನೋಡಿಸ್ಕೊಳ್ಳೂದಿದ್ರ ಸಂಜಿ ಐದರ ಮ್ಯಾಲೆ ಬರ್ರಿ. ನೈಟ್ ಡ್ಯೂಟಿ ವಾರದಾಗ ಬರಬ್ಯಾಡ್ರಿ.