ಗ್ಲಾಸುಗಳ ಸದ್ದು

ಮೊದಲ ಸಲ ಕೇಳಿದಾಗ ಸಿಟ್ಟೇ ಬಂದಿತ್ತು. ಬಿಲ್ ಇವಾನ್ಸ್ ಅಷ್ಟು ಮೆತ್ತಗೆ ಪಿಯಾನೋ ನುಡಿಸ್ತಿದ್ರೆ ಹಿಂದೆ ಯಾರೋ ಗ್ಲಾಸು ಠಣ್ ಅನ್ನಿಸ್ತಾರೆ, ಯಾರೋ ನಗ್ತಾರೆ. ಅಷ್ಟು ದುಡ್ಡು ಕೊಟ್ಟು ತಂದ ಹೆಡ್‌ಫೋನಲ್ಲಿ ಇದನ್ನೆಲ್ಲ ಕೇಳ್ಬೇಕಾ ಅಂದ್ಕೊಂಡಿದ್ದೆ.

‘ವಾಲ್ಟ್ಜ್ ಫಾರ್ ಡೆಬಿ’ ರೆಕಾರ್ಡ್ ಆಗಿದ್ದು 1961ರ ಜೂನ್ 25ರ ಭಾನುವಾರ, ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಎಂಬ ನೆಲಮಾಳಿಗೆಯ ಕ್ಲಬ್ಬಿನಲ್ಲಿ. ಡ್ರಮ್ಸ್‌ಗೆ ಪಾಲ್ ಮೋಷಿಯನ್, ಬಾಸ್‌ಗೆ ಸ್ಕಾಟ್ ಲಫಾರೋ. ಲಫಾರೋ ಹಿಂದೆ ನಿಂತು ಲಯ ಹಿಡಿದು ಸುಮ್ಮನಿರುವ ಆಸಾಮಿಯಲ್ಲ. ಪಿಯಾನೋ ಒಂದು ಮಾತಾಡಿದರೆ ಇವನ ಬಾಸ್ ಅದಕ್ಕೆ ಎದುರು ಮಾತಾಡುತ್ತೆ. ಹನ್ನೊಂದೇ ದಿನಕ್ಕೆ ಕಾರು ಅಪಘಾತದಲ್ಲಿ ಹೋಗಿಬಿಟ್ಟ. ವಯಸ್ಸು 25. ಇವಾನ್ಸ್ ತಿಂಗಳುಗಟ್ಟಲೆ ವೇದಿಕೆ ಹತ್ತಲಿಲ್ಲ.

ಗ್ಲಾಸು ಎತ್ತಿದವರಿಗೆ ಇದೆಲ್ಲ ಹೇಗೆ ಗೊತ್ತಿರಬೇಕು? ಅವರಿಗೆ ಅದು ಮತ್ತೊಂದು ಭಾನುವಾರ, ಅಷ್ಟೇ.

ನನಗೂ ಅಂಥದ್ದೊಂದು ಭಾನುವಾರ ಇದೆ. ಅಪ್ಪ ಫೋನ್ ಮಾಡಿ ಹಿತ್ತಲಿನ ಹಲಸಿನ ಮರದ ವಿಷಯ ಏನೋ ಹೇಳ್ತಿದ್ರು. ನಾನು ಸ್ಪೀಕರಿಗೆ ಹಾಕಿ, ಸೋಮವಾರದ ಪ್ರೆಸೆಂಟೇಶನ್ ತಿದ್ದುತ್ತಾ ‘ಹ್ಞೂಂ ಅಪ್ಪಾ, ಹ್ಞೂಂ’ ಅಂತಿದ್ದೆ. ಗುರುವಾರ ಅಪ್ಪ ಇರಲಿಲ್ಲ. ಪ್ರೆಸೆಂಟೇಶನ್ ಯಾವುದರ ಬಗ್ಗೆ ಅಂತ ಈಗ ನೆನಪಿಲ್ಲ. ಹಲಸಿನ ಮರಕ್ಕೆ ಏನಾಗಿತ್ತು ಅನ್ನೋದೂ ಗೊತ್ತಿಲ್ಲ.

ಈಗ ಆ ಗ್ಲಾಸಿನ ಸದ್ದು ಬಂದರೆ ಸಿಟ್ಟು ಬರಲ್ಲ. ಆ ಟೇಬಲ್ಲಿನಲ್ಲಿ ಕೂತವನು ನಾನೇ ಅನ್ಸುತ್ತೆ. ವಾಲ್ಯೂಮ್ ಸ್ವಲ್ಪ ಜಾಸ್ತಿ ಮಾಡಿ, ಲ್ಯಾಪ್‌ಟಾಪ್ ಮುಚ್ಚಿಡ್ತೀನಿ.